ಬಾಣಂತಿ ವಾರ್ಡಿನಲ್ಲೇ ಸಿಗಲಿ ರುಬೆಲ್ಲಾ ಲಸಿಕೆ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದೊಡನೆ ಮಂಡ್ಯ, ಮೈಸೂರು ಜಿಲ್ಲೆಗಳ ಡೆಂಗಿ ಪ್ರಕರಣಗಳ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಜ್ವರ ಬಂದವರಲ್ಲಿ ಗರ್ಭಿಣಿಯರೆಷ್ಟು ಮಂದಿ, ಅವರ ಹೊಟ್ಟೆಯಲ್ಲಿದ್ದ ಮಗುವಿನ ಸ್ಥಿತಿ ಏನಾಯಿತು ಎಂಬ ವಿವರ ಆ ಲೆಕ್ಕದಲ್ಲಿ ಅಪರೂಪ. ಮದ್ದೂರು ತಾಲ್ಲೂಕಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾಗಿರುವ ನಾನು, ಗರ್ಭಿಣಿಯರಿಗೆ ತಗಲುವ ವೈರಾಣು ಸೋಂಕುಗಳ ವಿಚಾರದಲ್ಲಿ ನಮ್ಮ ಭಾಗದಲ್ಲಿ ಆಗುತ್ತಿರುವುದನ್ನೂ ಆಗಬೇಕಾದುದನ್ನೂ, ಮುಖ್ಯವಾಗಿ ರುಬೆಲ್ಲಾ ಎಂಬ ಸೋಂಕಿನ ಲಸಿಕೆಯನ್ನು ಬಾಣಂತಿಯರಿಗೆ ಆಸ್ಪತ್ರೆಯಲ್ಲೇ ಕೊಡಬೇಕಾದುದನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಸೀತಾಳೆ ಸಿಡುಬಿನ ಮಾತು. ನಮ್ಮ ಕಡೆ ಅದನ್ನು ಇಂದಿಗೂ ‘ಅಮ್ಮ’ ಎಂದೇ ಕರೆಯುತ್ತಾರೆ. ಒಮ್ಮೆ ಮನೆ ಭೇಟಿಗೆ ಹೋದಾಗ ಏಳು ತಿಂಗಳ ಗರ್ಭಿಣಿಯೊಬ್ಬಳನ್ನು ನಡುಮನೆಯ ಮೂಲೆಯಲ್ಲಿ, ಬೇವಿನ ಸೊಪ್ಪು ಹರಡಿದ ಚಾಪೆಯ ಮೇಲೆ ಮಲಗಿಸಿದ್ದರು. ಮೈತುಂಬ ಗುಳ್ಳೆ, ಮಾತಾಡುವಾಗ ನಡುನಡುವೆ ಕೆಮ್ಮು, ಏದುಸಿರು. ಆಸ್ಪತ್ರೆಗೆ ಹೊರಡಿಸಿ ಎಂದರೆ ಅತ್ತೆ ಒಪ್ಪಲಿಲ್ಲ. “ಮಾತ್ರೆ ಕೊಟ್ರೆ ಅಮ್ಮ ಮುನಿಸ್ಕೋತಾಳೆ ಕಣವ್ವ, ನೀರು ಹಾಕೋಗಂಟ ಎಲ್ಲೂ ಕಳ್ಸಾಕಿಲ್ಲ” ಎಂದರು. ದೊಡ್ಡವರಿಗೆ, ಅದರಲ್ಲೂ ಗರ್ಭಿಣಿಗೆ, ಈ ಸೋಂಕು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದೆಂದು ತಿಳಿಹೇಳಿ ಕರೆದೊಯ್ಯುವಷ್ಟರಲ್ಲಿ ಸಂಜೆಯಾಗಿತ್ತು. ತಾಯಿ, ಮಗು ಇಬ್ಬರೂ ಉಳಿದರು. ಗುಳ್ಳೆ ಎದ್ದ 24 ಗಂಟೆಯೊಳಗೆ ಅಸೈಕ್ಲೋವಿರ್ ಎಂಬ ವೈರಾಣು ತಡೆಯುವ ಔಷಧಿ ಶುರುವಾದರೆ ಹೆಚ್ಚು ಪ್ರಯೋಜನ. ಹೆರಿಗೆಗೆ ಐದು ದಿನ ಮುಂಚಿನಿಂದ ಹೆರಿಗೆಯಾದ ಎರಡು ದಿನದವರೆಗಿನ ಅವಧಿಯಲ್ಲಿ ತಾಯಿಗೆ ಗುಳ್ಳೆ ಎದ್ದರೆ, ತಾಯಿಯ ರಕ್ಷಣಾಕಣಗಳು ಮಗುವಿಗೆ ತಲುಪಿರುವುದಿಲ್ಲವಾದ್ದರಿಂದ, ಶಿಶುವಿನ ಜೀವಕ್ಕೇ ಅಪಾಯ. ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡುವುದಕ್ಕೆ ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ಆರತಿಯ ಜೊತೆಗೆ ಆಸ್ಪತ್ರೆಗೂ ಹೋಗಿ ಎಂದಷ್ಟೇ ಆಶಾ ಕಾರ್ಯಕರ್ತೆಯರು ಹೇಳಬೇಕಾಗಿದೆ.

ಕಾಮಾಲೆಯದೂ ಇಂಥದೇ ಕಥೆ. ಕುಡಿಯುವ ನೀರಿಗೆ ಚರಂಡಿ ನೀರು ಬೆರೆತಲ್ಲಿ ಹರಡುವ ಹೆಪಟೈಟಿಸ್-ಇ ಉಳಿದವರಲ್ಲಿ ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ, ಗರ್ಭಿಣಿಯರಲ್ಲಿ ಹಾಗಲ್ಲ. ಕೊನೆಯ ಮೂರು ತಿಂಗಳಲ್ಲಿ ಅದು ತಗಲಿದವರಲ್ಲಿ ಶೇ 20ರಿಂದ 25ರಷ್ಟು ಸಾವು ಸಂಭವಿಸಬಹುದು. ಕಣ್ಣು ಹಳದಿಯಾದ ಬಸುರಿಯನ್ನು ನಾಟಿ ಔಷಧಿಗೆಂದು ಊರೂರು ಅಲೆಸುವುದು ಆ ಕಾರಣಕ್ಕೇ ದುಬಾರಿಯಾಗುತ್ತದೆ. ಡೆಂಗಿ ಜ್ವರವಿರುವಾಗ ಹೆರಿಗೆಯಾದರೆ ರಕ್ತಸ್ರಾವದ ಭಯ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಎರಡೂ ಇವೆ. ಮೈಕೈ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಐಬುಪ್ರೊಫೇನ್ ತಂದು ನುಂಗಿದರೆ ತಾಯಿಗೂ ಕೇಡು, ಮಗುವಿಗೂ ಕೇಡು.

ಇವುಗಳಲ್ಲಿ ಜ್ವರವೋ ಗುಳ್ಳೆಯೋ ಕಣ್ಣಿಗೆ ಬೀಳುತ್ತದೆ, ಮನೆಯವರು ಒಂದಲ್ಲ ಒಂದು ಕಡೆ ಓಡುತ್ತಾರೆ. ರುಬೆಲ್ಲಾ ಆ ಸುಳಿವನ್ನೂ ಕೊಡುವುದಿಲ್ಲ. ಎರಡು-ಮೂರು ದಿನ ತಿಳಿಗೆಂಪು ದದ್ದು, ಅಲ್ಪಸ್ವಲ್ಪ ಜ್ವರ, ಕಿವಿಯ ಹಿಂದೆ ಸಣ್ಣ ಗಂಟು ಇಷ್ಟೇ ಅದರ ಲಕ್ಷಣ. ಎಷ್ಟೋ ಮಂದಿಗೆ ಅದೂ ಇರುವುದಿಲ್ಲ. ಆದರೆ ಗರ್ಭ ನಿಂತ ಮೊದಲ 12 ವಾರಗಳಲ್ಲಿ ತಾಯಿಗೆ ಈ ಸೋಂಕು ತಗಲಿದರೆ, ಒಂದೋ ಗರ್ಭಪಾತವಾಗುತ್ತದೆ, ಇಲ್ಲವೇ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಹೃದಯದ ದೋಷ, ಕಿವುಡುತನಗಳಲ್ಲಿ ಒಂದಾದರೂ ಬರುವ ಸಂಭವ ಬಹಳ ಹೆಚ್ಚು. ಈ ನಂಟನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ಪೊರೆಯೊಂದಿಗೇ ಹುಟ್ಟಿದ ಹಸುಗೂಸುಗಳು ಸಾಲುಸಾಲಾಗಿ ತಮ್ಮಲ್ಲಿಗೆ ಬರತೊಡಗಿದಾಗ, ಬಸುರಿನ ಆರಂಭದಲ್ಲಿ ತಮಗೆ ದದ್ದು ಬಂದಿತ್ತೆಂದು ತಾಯಂದಿರು ಹೇಳಿದ ಮಾತನ್ನು ಅವರು ತಳ್ಳಿಹಾಕಲಿಲ್ಲ. ನಮ್ಮ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ತಪಾಸಣೆಯಲ್ಲಿ ಒಳ್ಳೆಯ ಕೆಲಸ ಮಾಡುತ್ತಿದೆ. ಆದರೆ ಅಲ್ಲಿ ದೋಷ ಪತ್ತೆಯಾದರೆ ಉಳಿಯುವ ದಾರಿ ಶ್ರವಣ ಸಾಧನ, ತರಬೇತಿ, ಶಸ್ತ್ರಚಿಕಿತ್ಸೆಗಳದು. ರುಬೆಲ್ಲಾದಿಂದ ಬರುವ ಕಿವುಡುತನವನ್ನು ಬಾರದಂತೆಯೇ ತಡೆಯಬಲ್ಲದ್ದು ಲಸಿಕೆ.

ರುಬೆಲ್ಲಾ ಸೇರಿದಂತೆ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲ ಕೆಲವು ಸೋಂಕುಗಳ ಸುಳಿವು ಹುಡುಕಲು ಬಸುರಾದ ಮೇಲೆ ಮಾಡಿಸುವ ‘ಟಾರ್ಚ್’ ರಕ್ತಪರೀಕ್ಷೆ ಇದಕ್ಕೆ ಪರಿಹಾರವಲ್ಲ. ಒಂದು ಗರ್ಭಪಾತವಾದರೆ ಸಾಕು, ಹಿಂದುಮುಂದು ನೋಡದೆ ಇದನ್ನು ಬರೆದುಕೊಡುವ ರೂಢಿ ನನಗಂತೂ ಸರಿ ಕಂಡಿಲ್ಲ. ರಿಪೋರ್ಟಿನಲ್ಲಿ ರುಬೆಲ್ಲಾ ‘ಐಜಿಜಿ ಪಾಸಿಟಿವ್’ ಎಂದು ಕಂಡು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದರ ಅರ್ಥ ಸೋಂಕು ಅಥವಾ ಲಸಿಕೆಯಿಂದ ಹಿಂದೆಯೇ ರೋಗನಿರೋಧಕ ಶಕ್ತಿ ಬಂದಿದೆ ಎಂದು, ಅಂದರೆ ಒಳ್ಳೆಯ ಸುದ್ದಿ.

2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದದ್ದು 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ. ಶಾಲೆ ಶಾಲೆಗೆ ಹೋಗಿ ಚುಚ್ಚಿದೆವು. ಆ ನಂತರ ಹುಟ್ಟಿದ ಮಕ್ಕಳಿಗೆ 9 ತಿಂಗಳಿಗೊಂದು, ಒಂದೂವರೆ ವರ್ಷದ ಆಸುಪಾಸಿಗೊಂದು ಡೋಸ್ ಸಿಗುತ್ತಿದೆ. ಆದರೆ 2002ಕ್ಕೆ ಮುನ್ನ ಹುಟ್ಟಿದ ಹೆಣ್ಣುಮಕ್ಕಳು, ಎಂದರೆ ಇಂದು ನಮ್ಮ ಆಸ್ಪತ್ರೆಗಳಲ್ಲಿ ಹೆರುತ್ತಿರುವವರಲ್ಲಿ ದೊಡ್ಡ ಪಾಲು, ಈ ಅಭಿಯಾನದಿಂದ ಹೊರಗುಳಿದರು. ಹಲವರಿಗೆ ಬಾಲ್ಯದಲ್ಲಿ ಸೋಂಕು ಬಂದು ಹೋಗಿ ರಕ್ಷಣೆ ಇದ್ದೀತು, ಉಳಿದವರಿಗೆ ಇಲ್ಲ. ಗರ್ಭಿಣಿಗೆ ಸರ್ಕಾರ ಉಚಿತವಾಗಿ ಕೊಡುವುದು ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು. ರುಬೆಲ್ಲಾ ಲಸಿಕೆ ಜೀವಂತ ವೈರಾಣುವಿನದಾದ್ದರಿಂದ ಬಸುರಿನಲ್ಲಿ ಕೊಡುವಂತಿಲ್ಲ, ಪಡೆದ ಮೇಲೆ ಒಂದು ತಿಂಗಳು ಗರ್ಭ ಧರಿಸುವಂತೆಯೂ ಇಲ್ಲ. ಮದುವೆಗೆ ಮುಂಚೆ ಆಸ್ಪತ್ರೆಗೆ ಬಂದು ಲಸಿಕೆ ಕೇಳುವ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಸಿಕ್ಕಾರು?

ಹೀಗಿರುವಾಗ ಎರಡನೆಯ ಬಸುರನ್ನಾದರೂ ಕಾಯಲು ತಕ್ಕ ಸಮಯ ಮೊದಲ ಹೆರಿಗೆಯ ನಂತರದ ಆ ಕೆಲವು ದಿನಗಳೇ. ಬಾಣಂತಿಗೆ ಈ ಲಸಿಕೆ ಕೊಡಬಹುದು, ಎದೆಹಾಲು ಉಣಿಸಲು ಅಡ್ಡಿಯಿಲ್ಲ. ಲಸಿಕೆಯ ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತವೆ, ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸದಿದ್ದರೆ ಎಸೆಯಬೇಕು. ಒಬ್ಬಳಿಗಾಗಿ ಸೀಸೆ ಒಡೆಯಲು ಉಪಕೇಂದ್ರದವರು ಹಿಂಜರಿಯುವುದು ಸಹಜ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗಳಂಥ ಕಡೆ ಆ ತೊಂದರೆಯೇ ಇಲ್ಲ, ಯಾವ ದಿನ ನೋಡಿದರೂ ಹಲವು ಬಾಣಂತಿಯರು ಇರುತ್ತಾರೆ. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಹೆಪಟೈಟಿಸ್-ಬಿ ಲಸಿಕೆ ಅಲ್ಲಿಯೇ ಬೀಳುತ್ತದೆ. ಲಸಿಕೆ ಇಡುವ ಶೀತಲ ವ್ಯವಸ್ಥೆಯೂ ಸಿದ್ಧವಿದೆ, ಚುಚ್ಚುವ ನರ್ಸೂ ಅಲ್ಲೇ ಇದ್ದಾರೆ. ವಯಸ್ಕ ಮಹಿಳೆಯರು ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇಲ್ಲವೆಂಬ ಉತ್ತರ ಬರುತ್ತದೆಂದು ಬಲ್ಲೆ. 2026ರೊಳಗೆ ದಡಾರ, ರುಬೆಲ್ಲಾಗಳನ್ನು ನಿರ್ಮೂಲನೆ ಮಾಡುವ ಗುರಿಯಿಟ್ಟುಕೊಂಡಿರುವ ದೇಶದಲ್ಲಿ ಆ ಪಟ್ಟಿಗೆ ಒಂದು ಸಾಲು ಸೇರಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ. ಅಲ್ಲಿಯವರೆಗೆ ಎರಡೂ ಜಿಲ್ಲೆಗಳ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ರಾಜ್ಯದ ಖರ್ಚಿನಲ್ಲೇ ಇದನ್ನು ಆರಂಭಿಸಿ, ಡೋಸ್ ಕೊಟ್ಟ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ನಮೂದಿಸುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಆರೋಗ್ಯ ಸಹಾಯಕಿ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ