ನಕಲು ಮಾಡಿದ ಮಕ್ಕಳ ಬಗ್ಗೆ ಪ್ರಶಾಂತನಿಗೆ

ಪೆರ್ಲ, ಕಾಸರಗೋಡು (ಕೇರಳ)
ಜುಲೈ 14

ಚಿ. ಪ್ರಶಾಂತನಿಗೆ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹೊಳವು ಕೊಡುತ್ತಿಲ್ಲ, ಅಡಿಕೆಗೆ ಮದ್ದು ಬಿಡುವುದು ಬಾಕಿಯಾಗಿದೆ. ನಿನ್ನ ದೊಡ್ಡಪ್ಪನಿಗೆ ಅದೇ ಚಿಂತೆ.

ನೀನು ಫೋನಿನಲ್ಲಿ ಹೇಳಿದ ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ಬೇಕಲ ಕೋಟೆಯ ಬಗ್ಗೆ ನಿನ್ನ ಒಂಬತ್ತನೆಯ ತರಗತಿಯ ಮಕ್ಕಳು ಬರೆದು ತಂದ ಪ್ರಾಜೆಕ್ಟುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು, ಎಲ್ಲರಿಗೂ ಸೊನ್ನೆ ಹಾಕಿದೆ, ಒಬ್ಬ ಹುಡುಗಿ ಅತ್ತಳು ಎಂದೆ. ಕೊನೆಗೆ, ಈ ಮಕ್ಕಳಿಗೆ ಕದಿಯುವುದು ಅಭ್ಯಾಸವಾಗಿದೆ ಎಂದೂ ಹೇಳಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ ಪ್ರಶಾಂತ. ಫೋನಿನಲ್ಲಿ ವಾದ ಮಾಡುವುದು ಬೇಡವೆಂದು ಬರೆಯುತ್ತಿದ್ದೇನೆ.

'ಬೇಕಲ ಕೋಟೆಯ ಇತಿಹಾಸ ಬರೆಯಿರಿ' ಎಂದರೆ ಮಗು ಏನು ಮಾಡಬೇಕು? ಅದರ ಉತ್ತರ ಮೊಬೈಲಿನಲ್ಲಿ ಸಿದ್ಧವಾಗಿದೆ. ಅದಕ್ಕಿಂತ ಚೆನ್ನಾಗಿ ಬರೆಯಲು ತನ್ನಿಂದ ಆಗದೆಂದು ಮಗುವಿಗೂ ಗೊತ್ತು. ಬೇಡಿದ್ದನ್ನು ಅದು ತಂದುಕೊಟ್ಟಿದೆ. ಸಿದ್ಧ ಉತ್ತರ ಇಲ್ಲದ ಪ್ರಶ್ನೆಯನ್ನು ಕೊಟ್ಟು ನೋಡು. ಕೋಟೆಯನ್ನು ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದನೆಂದು ಹೇಳುವವರೇ ಹೆಚ್ಚು. ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲೇ ಅಲ್ಲೊಂದು ಕೋಟೆ ಇತ್ತು, ನಾಯಕರು ಅದನ್ನು ಬಲಪಡಿಸಿದರು ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳನ್ನು ಯಾರು ಯಾರು ಹೇಳಿದ್ದಾರೆ, ಏನು ಆಧಾರ ಕೊಟ್ಟಿದ್ದಾರೆ, ಆಧಾರವೇ ಕೊಡದೆ ಹೇಳಿದವರು ಎಷ್ಟು ಮಂದಿ ಎಂದು ಕೇಳು. ಇದಕ್ಕೆ ಒಂದೇ ಪುಟ ಸಾಕು. ಆ ಒಂದು ಪುಟವನ್ನು ನಕಲು ಮಾಡಲು ಅವರಿಗೆ ಎಲ್ಲಿಯೂ ಏನೂ ಸಿಗುವುದಿಲ್ಲ.

ಓದಿದ್ದನ್ನು ಸ್ವಂತ ಮಾತಿನಲ್ಲಿ ಬರೆಯಿರಿ ಎಂದು ಬರೇ ಬಾಯಿಯಲ್ಲಿ ಹೇಳಿದರೆ ಮಕ್ಕಳು ನಾಲ್ಕು ಪದ ಬದಲಾಯಿಸುತ್ತಾರೆ. 'ನಿರ್ಮಿಸಿದನು' ಇದ್ದಲ್ಲಿ 'ಕಟ್ಟಿಸಿದನು' ಬರುತ್ತದೆ, ವಾಕ್ಯದ ಬೆನ್ನೆಲುಬು ಹಾಗೆಯೇ ಉಳಿಯುತ್ತದೆ. ಇಂಥ ತೇಪೆಯ ಬರಹವನ್ನು ಅಮೆರಿಕದಲ್ಲಿ ಬರವಣಿಗೆ ಕಲಿಸುತ್ತಿದ್ದ ರೆಬೆಕಾ ಮೂರ್ ಹೋವರ್ಡ್ ಎಂಬವರು 1990ರ ದಶಕದಲ್ಲಿ ಅಧ್ಯಯನ ಮಾಡಿದರು. ಇದನ್ನು ಅಪರಾಧವೆಂದು ಎಣಿಸಬೇಕಾಗಿಲ್ಲ, ಪರಿಚಯವಿಲ್ಲದ ವಿಷಯದೊಳಗೆ ಕಾಲಿಡುತ್ತಿರುವವರು ದಾಟುವ ಒಂದು ಹಂತ ಎಂಬುದು ಅವರ ನಿಲುವು. ತರಗತಿಯಲ್ಲಿ ನಾನು ಕಂಡದ್ದೂ ಅದನ್ನೇ. ಅರ್ಥವಾಗದ್ದನ್ನು ಸ್ವಂತ ಮಾತಿನಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ.

ನಮ್ಮ ಕಡೆಯ ಮಕ್ಕಳಲ್ಲಿ ಇರುವ ಒಂದು ಶಕ್ತಿಯನ್ನು ನೀನು ಇನ್ನೂ ಬಳಸಿಕೊಂಡಿಲ್ಲ. ವಿಲೇಜ್ ಆಫೀಸಿನಿಂದ ಮಲಯಾಳದಲ್ಲಿ ಒಂದು ನೋಟೀಸು ಬರುತ್ತದೆ. ಮನೆಯಲ್ಲಿ ಹಿರಿಯರಿಗೆ ಆ ಲಿಪಿ ಬರುವುದಿಲ್ಲ. ಎಂಟನೆಯ ತರಗತಿಯ ಹುಡುಗಿ ಅದನ್ನು ಓದಿ ಅಜ್ಜಿಗೆ ತುಳುವಿನಲ್ಲಿ ಹೇಳುತ್ತಾಳೆ: ತೆರಿಗೆ ಬಾಕಿ ಇದೆ, ಇಂಥ ದಿನದೊಳಗೆ ಕಟ್ಟಬೇಕು, ಈ ಕಾಗದ ತೆಗೆದುಕೊಂಡು ಹೋಗಬೇಕು. ಪದಕ್ಕೆ ಪದ ಇಟ್ಟು ಹೇಳುವುದಿಲ್ಲ, ಬೇಕಾದದ್ದನ್ನು ಬಿಡುವುದೂ ಇಲ್ಲ. ಅಜ್ಜಿ ಮರುಪ್ರಶ್ನೆ ಕೇಳಿದರೆ ಮತ್ತೆ ನೋಟೀಸು ನೋಡಿ ಉತ್ತರ ಕೊಡುತ್ತಾಳೆ. ನೀನು ಕಲಿಸಬೇಕೆಂದಿರುವ ವಿದ್ಯೆಯನ್ನು ಅವಳು ಆಗಲೇ ಮನೆಯಲ್ಲಿ ನಡೆಸುತ್ತಿದ್ದಾಳೆ. ತರಗತಿಯಲ್ಲೂ ಅದನ್ನೇ ಮಾಡಿಸು. ಒಂದು ಪ್ಯಾರಾ ಓದಲಿ, ಪುಸ್ತಕ ಮುಚ್ಚಲಿ, ಪಕ್ಕದವರಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಹವ್ಯಕದಲ್ಲೋ ಹೇಳಲಿ. ಕೇಳಿದವರಿಗೆ ಅರ್ಥವಾಗದಿದ್ದರೆ ಮತ್ತೆ ಓದಲಿ. ಹೇಳಿ ಮುಗಿದ ಮೇಲೆಯೇ ಕನ್ನಡದಲ್ಲಿ ಬರೆಯಲಿ. ಬರೆದದ್ದನ್ನು ಮೂಲದ ಎದುರು ಹಿಡಿದು, ಇಲ್ಲದ್ದು ಸೇರಿದೆಯೇ, ಇದ್ದದ್ದು ತಪ್ಪಿದೆಯೇ ಎಂದು ನೋಡಲಿ. ಮಾತು ತಮ್ಮದಾದರೂ ವಿಚಾರ ಇನ್ನೊಬ್ಬರದು, ಆದ್ದರಿಂದ ಅದು ಎಲ್ಲಿಂದ ಬಂತೆಂದು ಬರೆಯಲೇಬೇಕು. ಇದರಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡ.

ಮೂಲವನ್ನು ತೂಗಿ ನೋಡುವುದಕ್ಕೆ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯಿಂದ ಆರಂಭಿಸು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ, ಮೊಸಳೆಯನ್ನು ಅಪ್ಪಿಕೊಂಡ ಒಬ್ಬ ಮನುಷ್ಯನ ಫೋಟೊ ಬಬಿಯಾನದ್ದೆಂದು ಎಲ್ಲರ ಮೊಬೈಲಿಗೂ ಬಂತು. ಅದು ಕೋಸ್ಟರಿಕಾ ದೇಶದ ಪೋಚೊ ಎಂಬ ಮೊಸಳೆ, 2011ರಲ್ಲೇ ಸತ್ತಿತ್ತು. ಫೋಟೊವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದ್ದರೆ ಎರಡು ನಿಮಿಷದ ಕೆಲಸ. ಮಕ್ಕಳ ಕೈಯಿಂದಲೇ ಹುಡುಕಿಸು. ಆದರೆ ದೇವಸ್ಥಾನದ ಮೊಸಳೆ ನೈವೇದ್ಯ ಮಾತ್ರ ತಿನ್ನುತ್ತಿತ್ತು ಎಂಬ ನಂಬಿಕೆ ಬೇರೆ ಬಗೆಯದು. ಅದನ್ನು ಹಗುರವಾಗಿ ಕಾಣಬಾರದು, ಅನೇಕ ಮಕ್ಕಳ ಮನೆಯವರು ಅಲ್ಲಿಗೆ ಕೈಮುಗಿಯಲು ಹೋಗುವವರು. 'ಬಬಿಯಾ ಸಸ್ಯಾಹಾರಿಯಾಗಿತ್ತು' ಎಂಬುದಕ್ಕೂ 'ಬಬಿಯಾ ಸಸ್ಯಾಹಾರಿಯಾಗಿತ್ತು ಎಂದು ಭಕ್ತರು ನಂಬುತ್ತಾರೆ' ಎಂಬುದಕ್ಕೂ ಇರುವ ಅಂತರವನ್ನು ತೋರಿಸು. ಎರಡನೆಯ ವಾಕ್ಯ ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ಸುಳ್ಳನ್ನೂ ಹೇಳುವುದಿಲ್ಲ.

ದೊಡ್ಡ ತರಗತಿಯವರಿಗಾದರೆ ನಮ್ಮ ಎಣ್ಮಕಜೆ ಪಂಚಾಯತಿನ ಕತೆಯೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 1970ರ ದಶಕದ ಕೊನೆಯಿಂದ 2000ದ ತನಕ ನಡೆಯಿತು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಇಲ್ಲಿಯ ಪಡ್ರೆ ಗ್ರಾಮದ ನೀರು, ಮಣ್ಣು, ಹಾಲು, ಮನುಷ್ಯರ ರಕ್ತವನ್ನು ಪರೀಕ್ಷಿಸಿ ವಿಷದ ಅಂಶ ಬಹಳ ಇದೆಯೆಂದಿತು. ತೋಟ ನಡೆಸುತ್ತಿದ್ದ ನಿಗಮ ತಮಿಳುನಾಡಿನ ಇನ್ನೊಂದು ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿತು. ಭಯಪಡುವಂಥದ್ದು ಏನೂ ಇಲ್ಲವೆಂದು ಆ ವರದಿ. ಎರಡೂ ವಿಜ್ಞಾನದ ಹೆಸರಿನಲ್ಲಿ, ಅಂಕಿಸಂಖ್ಯೆಗಳ ಸಮೇತ ಬಂದವು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ಇಲ್ಲಿಯ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು, ಆರೋಗ್ಯದ ಮೇಲಾದ ಪರಿಣಾಮವನ್ನು ಗುರುತಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು.

ಯಾವುದು ಸರಿ ಎಂಬ ತೀರ್ಮಾನವನ್ನು ಮಕ್ಕಳಿಗೆ ನೀನು ಮೊದಲೇ ಕೊಟ್ಟುಬಿಡಬೇಡ. ಪರೀಕ್ಷೆ ಮಾಡಿಸಿದವರು ಯಾರು, ಹಣ ಕೊಟ್ಟವರು ಯಾರು, ಮಾದರಿಯನ್ನು ಎಲ್ಲಿಂದ ಯಾವಾಗ ತೆಗೆದರು, ಯಾರೊಂದಿಗೆ ಹೋಲಿಸಿದರು ಎಂದು ಅವರೇ ಹುಡುಕಲಿ. ಹಣ ಕೊಟ್ಟವರು ಯಾರೆಂದು ತಿಳಿದ ಮಾತ್ರಕ್ಕೆ ವರದಿ ಸುಳ್ಳಾಗುವುದಿಲ್ಲ, ಆದರೆ ಎಲ್ಲಿ ಹೆಚ್ಚು ಗಮನವಿಟ್ಟು ಓದಬೇಕೆಂದು ತಿಳಿಯುತ್ತದೆ. ಇಷ್ಟನ್ನು ನಮ್ಮ ಮಕ್ಕಳು ಕಲಿಯಲೇಬೇಕು. ಇಲ್ಲಿ ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಪರಿಹಾರದ ಪಟ್ಟಿಯಲ್ಲಿ ಹೆಸರು ಸೇರಿಸಲು ಕಾಗದ ಹಿಡಿದು ವರ್ಷಗಟ್ಟಲೆ ಓಡಾಡಿದ್ದಾರೆ. ಒಂದು ವರದಿಯನ್ನು ಓದಿ ಎದುರು ಪ್ರಶ್ನೆ ಕೇಳಬಲ್ಲವರು ಮನೆಗೊಬ್ಬರು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮಗೆ ಹಿತವಾದ ಸುದ್ದಿಯನ್ನೂ ಹೀಗೆಯೇ ನೋಡಬೇಕು. ರಾಜ್ಯೋತ್ಸವ ಬಂತೆಂದರೆ ಎರಡನೆಯ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆ ಎಂಬ ಸಂದೇಶ ಹರಿದಾಡುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಆ ಪಪೈರಸ್ 1903ರಲ್ಲಿ ಅಚ್ಚಾಯಿತು. ಮರುವರ್ಷ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಅದರ ಕೆಲವು ಮಾತುಗಳನ್ನು ಕನ್ನಡವೆಂದು ಓದಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ಶ್ರಮಪಟ್ಟರು. ಬ್ರಿಟಿಷ್ ವಿದ್ವಾಂಸ ಬಾರ್ನೆಟ್‌ರಂಥವರು ಒಪ್ಪಲಿಲ್ಲ. ಸಂದೇಶದಲ್ಲಿ ಬಾರ್ನೆಟ್ ಇರುವುದಿಲ್ಲ. ಒಪ್ಪದವರನ್ನೂ ಸೇರಿಸಿ ಬರೆದ ಮಗುವಿಗೆ ನೀನು ಹೆಚ್ಚು ಅಂಕ ಕೊಡು.

ಜಾಲತಾಣದ ಅಂದಚಂದ ನೋಡಿ ಮೋಸಹೋಗುವುದು ಮಕ್ಕಳು ಮಾತ್ರವಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಮಂದಿ ಇತಿಹಾಸಕಾರರನ್ನೂ 10 ಮಂದಿ ಸುದ್ದಿ ಪರಿಶೀಲಕರನ್ನೂ 25 ಮಂದಿ ವಿದ್ಯಾರ್ಥಿಗಳನ್ನೂ ಕೂರಿಸಿ ಕೆಲವು ತಾಣಗಳನ್ನು ತೋರಿಸಿದರು. ಇತಿಹಾಸಕಾರರಲ್ಲೂ ಅನೇಕರು ತಾಣದ ಗಂಭೀರ ಹೆಸರಿಗೆ, ಲಾಂಛನಕ್ಕೆ ಮಾರುಹೋದರು. ಪರಿಶೀಲಕರು ಆ ಪುಟವನ್ನು ಪೂರ್ತಿ ಓದಲೇ ಇಲ್ಲ. ಬೇಗನೆ ಬೇರೆ ಪುಟಗಳನ್ನು ತೆರೆದು, ಈ ತಾಣದವರ ಬಗ್ಗೆ ಉಳಿದವರು ಏನನ್ನುತ್ತಾರೆ ಎಂದು ನೋಡಿದರು. ಇಷ್ಟನ್ನು ನಿಮ್ಮ ಐಟಿ ಲ್ಯಾಬಿನಲ್ಲಿ ಒಂದು ಪೀರಿಯಡ್‌ನಲ್ಲಿ ಕಲಿಸಬಹುದು. ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಮಕ್ಕಳನ್ನೇ ಮುಂದೆ ಬಿಡು. ಚಾಟ್‌ಜಿಪಿಟಿ ಕೊಟ್ಟ ಪುಸ್ತಕದ ಹೆಸರುಗಳನ್ನೂ ಹುಡುಕಿಸು. ಅವುಗಳಲ್ಲಿ ಕೆಲವು ಯಾರೂ ಬರೆಯದ ಪುಸ್ತಕಗಳಾಗಿರುತ್ತವೆ, ಅದನ್ನು ಮಕ್ಕಳು ತಾವೇ ಕಂಡುಕೊಂಡರೆ ಮರೆಯುವುದಿಲ್ಲ.

ಆ ಸೊನ್ನೆಗಳನ್ನು ಅಳಿಸಿಬಿಡು. ಅತ್ತ ಹುಡುಗಿಯನ್ನು ಕರೆದು, ಅವಳ ಪುಟದಲ್ಲಿ ಅವಳಿಗೆ ಅರ್ಥವಾಗದ ವಾಕ್ಯ ಯಾವುದೆಂದು ಕೇಳಿ ಅಲ್ಲಿಂದ ಶುರು ಮಾಡು. ಪಾಠ ಮುಗಿಸುವ ಅವಸರ, ಮೇಲಿನವರ ಒತ್ತಡ ನನಗೆ ಗೊತ್ತಿಲ್ಲದ್ದಲ್ಲ. ವರ್ಷಕ್ಕೆ ನಾಲ್ಕು ಪ್ರಾಜೆಕ್ಟು ಬೇಡ, ಒಂದನ್ನೇ ಸರಿಯಾಗಿ ಮಾಡಿಸು.

ಓಣಂ ರಜೆಯ ಮೊದಲು ಮಕ್ಕಳನ್ನು ಇಲ್ಲಿಗೆ ಕರೆತರುತ್ತೇನೆ ಎಂದಿದ್ದೆ, ಖಂಡಿತ ಕರೆದುಕೊಂಡು ಬಾ. ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದ ಕನ್ನಡ ಜಾಗದ ಪತ್ರಗಳು ನಮ್ಮ ಪೆಟ್ಟಿಗೆಯಲ್ಲಿವೆ, ತೆಗೆದಿಡುತ್ತೇನೆ. ಅವುಗಳಲ್ಲಿರುವ, ಕೂಡಿಸಿ ಬರೆದ ಮೋಡಿ ಅಕ್ಷರ ಓದಲು ನಿನ್ನ ದೊಡ್ಡಪ್ಪ ಸಹಾಯ ಮಾಡುತ್ತಾರೆ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಬುಕಾನನ್ 1801ರಲ್ಲಿ ಈ ದಾರಿಯಾಗಿ ಹೋದಾಗ ಬರೆದ ಪುಟಗಳನ್ನೂ ಪ್ರತಿ ಮಾಡಿಸಿ ಇಡುತ್ತೇನೆ. ಕಂಪೆನಿ ಸರ್ಕಾರ ಕಳುಹಿಸಿದ ಮನುಷ್ಯ ಏನನ್ನು ನೋಡಿದ, ಏನನ್ನು ಕೇಳಲೇ ಇಲ್ಲ ಎಂದು ಮಕ್ಕಳು ಹುಡುಕಲಿ. ಎಷ್ಟು ಮಂದಿ ಬರುತ್ತೀರೆಂದು ಒಂದು ವಾರ ಮೊದಲೇ ತಿಳಿಸಿದರೆ ಊಟಕ್ಕೆ ಅನುಕೂಲ. ಅಮ್ಮನಿಗೆ ಕೇಳಿದ್ದೇನೆಂದು ಹೇಳು.

ಇಂತು,
ನಿನ್ನ ದೊಡ್ಡಮ್ಮ