ಗದ್ದೆ ಮಾರುವ ಮುನ್ನ

ಸರಸ್ವತೀಪುರಂ, ಮೈಸೂರು

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವೆಂದು ಕುಳಿತು ಬರೆಯುತ್ತಿದ್ದೇನೆ. ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ಬರೆದುಕೊಟ್ಟ ಮೇಲೆ ನೀನೂ ಅಳಿಯಂದಿರೂ ಇಲ್ಲಿಗೆ ಬಂದು, ಹೊಸದಾಗಿ ತೆರೆದಿರುವ ಆ ಖಾಸಗಿ ವಿಶೇಷ ಶಾಲೆಯನ್ನು ನೋಡಿಕೊಂಡು ಹೋದಿರಿ. ವರ್ಷದ ಶುಲ್ಕ, ಥೆರಪಿಗೆ ಬೇರೆ ಹಣ, ಮೇಲೆ ಮೈಸೂರಿನಲ್ಲಿ ಬಾಡಿಗೆ ಮನೆ, ಎಲ್ಲ ಕೂಡಿಸಿದರೆ ಸಂಬಳದಲ್ಲಿ ಏಗಲಾಗದೆಂದು ನಾಲೆ ಬಯಲಿನ ಗದ್ದೆ ಮಾರುವ ಮಾತು ಎತ್ತಿದ್ದೀರಿ. ಆ ಶಾಲೆ ಬೇಡವೆನ್ನುವವಳು ನಾನಲ್ಲ. ಗದ್ದೆ ಮಾರುವಷ್ಟು ನಂಬುವ ಮೊದಲು ಅದರ ತರಗತಿಯೊಳಗೆ ಅರ್ಧ ದಿನ ಕುಳಿತು ನೋಡು ಎಂದಷ್ಟೇ ನನ್ನ ಮಾತು.

ಇದನ್ನು ಹೇಳಲು ನನಗಿರುವ ಅಧಿಕಾರ ದೊಡ್ಡದೇನಲ್ಲ. ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಮಂಡ್ಯದ ಮೇಲೆ ಹಾದುಹೋಗುವ ರೈಲುಗಳ ವೇಳೆಯೆಲ್ಲ ಅವನಿಗೆ ಬಾಯಿಪಾಠ. ಹೆಸರು ಹಿಡಿದು ಕರೆದರೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ, ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದ. ಅದನ್ನು ಉದ್ಧಟತನವೆಂದೇ ತಿಳಿದು ಎಷ್ಟೋ ದಿನ ಅವನನ್ನು ಹೊರಗೆ ನಿಲ್ಲಿಸಿದ್ದೆ. ನಮ್ಮ ಬಿ.ಎಡ್. ಪಾಠಗಳಲ್ಲಿ ಆಟಿಸಂ ಎಂಬ ಶಬ್ದವೇ ಬಂದಿರಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ, ತರಗತಿ ಶಾಂತವಾಯಿತೆಂದು ನಾನು ಸಮಾಧಾನಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದ್ದರಿಂದ 'ಎಲ್ಲ ಮಕ್ಕಳ ಜೊತೆ ಕೂರಿಸಿದರೆ ತಾನೇ ಸರಿಹೋಗುತ್ತಾನೆ' ಎನ್ನುವ ನಿನ್ನ ಅತ್ತೆಯವರ ಮಾತನ್ನು ನಾನು ಒಪ್ಪುವುದಿಲ್ಲ. ತಿಳಿದವರ ಕೈಯಲ್ಲಿ ಕಲಿಯುವುದು ಈ ಮಗುವಿಗೆ ಬೇಕೇ ಬೇಕು.

ಆದರೆ ತಿಳಿದವರು ಯಾರು ಎಂಬುದು ಬಣ್ಣದ ಗೋಡೆ, ಜೋಕಾಲಿ, ಮೆತ್ತನೆಯ ನೆಲಹಾಸುಗಳಿಂದ ಗೊತ್ತಾಗುವುದಿಲ್ಲ. ತರಗತಿಯಲ್ಲಿ ಕುಳಿತಾಗ, ಮಕ್ಕಳು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಹೊತ್ತನ್ನು ಗಮನಿಸು. ನಮ್ಮ ಮಗುವೂ ಅತ್ತು ನೆಲಕ್ಕೆ ಬೀಳುವುದು ಅಂಥ ಹೊತ್ತಿನಲ್ಲಿಯೇ ತಾನೆ? ಬಲ್ಲ ಶಿಕ್ಷಕಿಯಾದರೆ ಮುಂದೆ ಏನು ಬರಲಿದೆಯೆಂದು ಚಿತ್ರಗಳನ್ನು ಸಾಲಾಗಿ ಅಂಟಿಸಿ ತೋರಿಸಿರುತ್ತಾಳೆ, ಎರಡೇ ಪದದಲ್ಲಿ ಹೇಳುತ್ತಾಳೆ, ಹೇಳಿ ಕಾಯುತ್ತಾಳೆ. ಆ ಕಾಯುವಿಕೆ ನಮ್ಮಂಥ ಹಳೆಯ ಮೇಷ್ಟ್ರುಗಳಿಗೆ ಎಂದೂ ಒಲಿಯಲಿಲ್ಲ. ಮಗು ಕಿರುಚಿದಾಗ ಕೈಹಿಡಿದು ಬಲವಂತವಾಗಿ ಕೂರಿಸುತ್ತಾರೋ, ಅಥವಾ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯೋ ಅಂಗಿಯ ಲೇಬಲ್ಲೋ ಹಸಿವೋ ಯಾವುದು ಕಾಡಿತೆಂದು ಹುಡುಕುತ್ತಾರೋ ನೋಡು. ಬೇರೆ ಮಕ್ಕಳಿಗೆ ತೊಂದರೆಯಾಗುತ್ತದೆ, ತಾಯಿತಂದೆಯರು ದಿನವೂ ತರಗತಿಗೆ ಬರಬೇಡಿ ಎಂದರೆ ಅದು ನ್ಯಾಯವೇ. ಎಂದೂ ಒಳಗೆ ಬಿಡುವುದಿಲ್ಲವೆಂದರೆ, ನಡೆದದ್ದನ್ನು ಹೇಳಲು ಬಾರದ ಮಗುವನ್ನು ಅಂಥ ಕಡೆ ನಾನು ಉಚಿತವೆಂದರೂ ಬಿಡಲಾರೆ.

ಫಲಕದ ಮೇಲೆ ಯಾರ ಹೆಸರಿದೆ ಎಂಬುದಕ್ಕಿಂತ ಮಗುವಿನ ಪಕ್ಕದಲ್ಲಿ ದಿನವಿಡೀ ಕೂರುವವರು ಯಾರೆಂದು ಕೇಳು. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕೆಂಬುದು 1992ರ ಕಾಯಿದೆ. ನೋಂದಣಿ ಸಂಖ್ಯೆ ಕೇಳಿದರೆ ಸಂಕೋಚವಿಲ್ಲದೆ ತೋರಿಸಬೇಕು. ಮಗುವಿಗೆಂದೇ ಬರೆದ ಕಲಿಕಾ ಯೋಜನೆಯನ್ನೂ ಓದಿ ನೋಡು. 'ಸಂವಹನ ಕೌಶಲ ವೃದ್ಧಿ' ಎಂದು ಬರೆದಿದ್ದರೆ ಅದು ಯಾವ ಮಗುವಿಗಾದರೂ ಹೊಂದುವ ಕಾಗದ. 'ನೀರು ಬೇಕೆಂದಾಗ ಲೋಟದ ಚಿತ್ರ ತೆಗೆದು ಕೊಡುವುದು' ಎಂದಿದ್ದರೆ ಯಾರೋ ನಮ್ಮ ಮಗುವನ್ನು ನೋಡಿ ಬರೆದಿದ್ದಾರೆಂದು ತಿಳಿ. ಚಿತ್ರ ಕೊಟ್ಟು ಕೇಳುವುದನ್ನು ಕಲಿತರೆ ಮಾತನಾಡಲು ಸೋಮಾರಿಯಾಗುತ್ತಾನೆಂಬ ಭಯ ಬೇಡ, ಅದರಿಂದ ಮಾತು ಬರುವುದು ತಪ್ಪುವುದಿಲ್ಲ.

ನಿನ್ನ ಕಾಗದದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಶುಲ್ಕವಲ್ಲ, 'ಮನೆಯಲ್ಲಿ ಇನ್ನು ಮುಂದೆ ಇಂಗ್ಲಿಷನ್ನೇ ಆಡಬೇಕಂತೆ' ಎಂದು ಶಾಲೆಯವರ ಮಾತನ್ನು ಬರೆದ ಒಂದು ಸಾಲು. ಎರಡು ಭಾಷೆ ಕೇಳುತ್ತ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಮಗುವಿಗೆ ಇರುವುದೇ ಆರೇಳು ಪದ: ಮಮ್ಮು, ತಾಚಿ, ಜೋಜೋ, ಟಾಟಾ. ಅವೆಲ್ಲ ನಿನ್ನ ಅತ್ತೆಯವರ ಮಡಿಲಲ್ಲಿ ಬಂದವು. ಅವರಿಗೆ ಇಂಗ್ಲಿಷ್ ಬಾರದು. ಈ ಕಟ್ಟಳೆ ನಡೆದರೆ ಇಡೀ ದಿನ ಮಗುವಿನ ಜೊತೆಗಿರುವ ಒಂದು ಜೀವ ಬಾಯಿ ಮುಚ್ಚಿಕೊಂಡು ಓಡಾಡಬೇಕು. ಅವರ ಎಷ್ಟೋ ಮಾತನ್ನು ನಾನು ಒಪ್ಪದಿದ್ದರೂ ಆ ಮಡಿಲನ್ನು ಕಳೆದುಕೊಳ್ಳಬೇಡವೆನ್ನುತ್ತೇನೆ. ಚಿತ್ರದ ಕೆಳಗೆ ಕನ್ನಡದ ಪದವನ್ನೂ ಬರೆಯಿರಿ ಎಂದು ಶಾಲೆಯವರಿಗೆ ಹೇಳು.

'ಐದು ವರ್ಷ ತುಂಬುವುದರೊಳಗೆ ಸೇರಿಸದಿದ್ದರೆ ಕೈತಪ್ಪಿತು' ಎಂದು ಶಾಲೆಯವರು ಹೆದರಿಸಿದ್ದಾರೆ. ಬೇಗ ಆರಂಭಿಸುವುದು ಒಳ್ಳೆಯದೆಂಬುದು ನಿಜ. ಆಮೇಲೆ ಕಲಿಕೆ ನಿಂತೇಹೋಗುತ್ತದೆಂಬುದು ಸುಳ್ಳು. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಅನ್ನು ಗುರುತಿಸಿ ಬರೆದ ಮೇಲೆ ಬಹಳ ಕಾಲ, ತಾಯಿಯ ಮಮತೆ ಸಾಲದೆ ಮಗು ಹೀಗಾಯಿತೆಂದು ಪಂಡಿತರೇ ಹೇಳಿ ಎಷ್ಟೋ ತಾಯಂದಿರನ್ನು ನೋಯಿಸಿದರು. ಆ ವಾದ ಬಿದ್ದುಹೋಗಿದೆ, ಆದರೆ ಅಪರಾಧ ಭಾವ ಮಾತ್ರ ನಮ್ಮ ಹೆಣ್ಣುಮಕ್ಕಳಲ್ಲಿ ಉಳಿದಿದೆ, ಅದಕ್ಕೆ ಬೆಲೆ ಕಟ್ಟುವವರೂ ಇದ್ದಾರೆ. 'ಪೂರ್ತಿ ಗುಣಪಡಿಸುತ್ತೇವೆ' ಎಂಬ ಮಾತು ಯಾರ ಬಾಯಿಂದ ಬಂದರೂ ಅಲ್ಲಿಂದ ಎದ್ದು ಬಾ.

ಹಣ ಕಟ್ಟುವ ಮೊದಲು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗೋಣ. 1965ರಿಂದ ಇದೇ ಊರಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು, ನನ್ನ ಮನೆಯಿಂದ ದೂರವೂ ಇಲ್ಲ. ಅಲ್ಲಿಯ ಪೂರ್ವಪ್ರಾಥಮಿಕ ತರಗತಿಗಳಲ್ಲಿ ತಾಯಂದಿರೂ ಕುಳಿತು ಕಲಿಯುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದೇ ಅದು. ಖಾಸಗಿ ಶಾಲೆಗೆ ಸೇರಿಸಿದರೂ ಈ ಸಂಸ್ಥೆಯ ವರದಿ ಕೈಯಲ್ಲಿದ್ದರೆ ಶಾಲೆಯವರ ಮಾತನ್ನು ಒರೆಗೆ ಹಚ್ಚಬಹುದು. ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಮಾಡಿಸುವುದಕ್ಕೆ 'ಹಣೆಪಟ್ಟಿ ಬೀಳುತ್ತದೆ' ಎಂದು ಹಿಂಜರಿಯಬೇಡಿ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ, ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರವಾದರೆ ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವ ಹಕ್ಕು ಮಗುವಿಗಿದೆ. ಆ ಹಕ್ಕು ಖಾಸಗಿ ಶಾಲೆಯ ರಸೀದಿಯನ್ನು ತಾನಾಗಿ ತೀರಿಸುವುದಿಲ್ಲ, ನಿಜ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆಯನ್ನು ಮಾಡಿಸಿದರೆ ವರ್ಷಕ್ಕೆ 1 ಲಕ್ಷ ರೂಪಾಯಿಯ ಮಿತಿಯೊಳಗೆ ಥೆರಪಿಯ ಖರ್ಚಿಗೂ ಸ್ವಲ್ಪ ಆಧಾರವಾಗುತ್ತದೆ.

ಇನ್ನು ಗದ್ದೆ. ಶಾಲೆ ಹದಿನೆಂಟಕ್ಕೆ ಮುಗಿಯುತ್ತದೆ, ಅವನ ಬದುಕು ಮುಗಿಯುವುದಿಲ್ಲ. ನೀವಿಬ್ಬರೂ ಇಲ್ಲದ ಕಾಲಕ್ಕೆ ಅವನ ಅನ್ನಕ್ಕೆ ಆಧಾರವಾಗುವ ಆಸ್ತಿಯನ್ನು ಅವನ ಐದನೆಯ ವರ್ಷದಲ್ಲೇ ಶುಲ್ಕವಾಗಿ ಕಟ್ಟಿಬಿಟ್ಟರೆ ಆಮೇಲೆ ಏನು? ಗುತ್ತಿಗೆಗೆ ಕೊಡಿ, ನನ್ನ ಪಿಂಚಣಿಯಲ್ಲಿ ಉಳಿದುದನ್ನು ತೆಗೆದುಕೊಳ್ಳಿ, ಒಂದು ವರ್ಷ ನೋಡಿ. ನನ್ನ ಹಿಂದಿನ ಕೋಣೆ ಖಾಲಿಯೇ ಇದೆ, ಬಾಡಿಗೆ ಮನೆ ಹುಡುಕಬೇಡಿ. ಮಾರಲೇಬೇಕಾದ ದಿನ ಬಂದರೆ ನಾನು ಅಡ್ಡ ಬರುವುದಿಲ್ಲ.

ಬರುವ ಗುರುವಾರ ಬೆಳಗಿನ ರೈಲಿಗೆ ಮೂವರೂ ಬನ್ನಿ, ಮೊದಲು ವಾಕ್ ಶ್ರವಣ ಸಂಸ್ಥೆ, ಆಮೇಲೆ ಆ ಶಾಲೆ. ತರಗತಿಯಲ್ಲಿ ನಿನ್ನ ಪಕ್ಕ ನಾನೂ ಕೂರುತ್ತೇನೆ. ಕಳೆದ ಸಲ ಕುಕ್ಕರ್ ಕೂಗಿದ್ದಕ್ಕೆ ಮಗು ಬೀದಿಯವರೆಗೆ ಓಡಿದ್ದನ್ನು ಮರೆತಿಲ್ಲ. ನೀವು ಬಾಗಿಲಿಗೆ ಬರುವುದರೊಳಗೆ ಅನ್ನ ಮಾಡಿ ಮುಗಿಸಿರುತ್ತೇನೆ.

ಇಂತು ನಿನ್ನ,
ದೊಡ್ಡಮ್ಮ