ಮಗಳಿಗೊಂದು ಪತ್ರ: ಮಿಷಿನ್ ಹಿಂದಿನ ನಲ್ಲಿ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಕಳಿಸಿದ ಬಾಡಿಗೆ ಮನೆಯ ವಿಡಿಯೋ ಮೂರು ಸಲ ನೋಡಿದೆ. ಅಪ್ಪ ಹಾಲ್ ನೋಡಿದರು, ಬಾಲ್ಕನಿ ನೋಡಿದರು, "ಗಾಳಿ ಬೆಳಕು ಚೆನ್ನಾಗಿದೆ" ಅಂದು ಮಲಗಿಬಿಟ್ಟರು. ನನ್ನ ಕಣ್ಣು ಮಾತ್ರ ಅಡುಗೆಮನೆ ಹಿಂದಿನ ಯುಟಿಲಿಟಿ ಬಿಟ್ಟು ಅಲ್ಲಾಡಲಿಲ್ಲ. "ಮನೆಯೊಳಗೇ ವಾಷಿಂಗ್ ಮಿಷಿನ್ ಅಮ್ಮಾ, ಪೀಜಿ ಥರ ಕಾಯೋದು ಬೇಡ" ಅಂತ ಎಷ್ಟು ಖುಷಿ ನಿನಗೆ!

ಕಾಯುವ ಕಷ್ಟ ನನಗೂ ಗೊತ್ತು. ಮದುವೆಯಾದ ಹೊಸದರಲ್ಲಿ ಚಾಮರಾಜಪೇಟೆಯ ವಠಾರದಲ್ಲಿದ್ದೆವಲ್ಲ, ಆರು ಮನೆಗೆ ಒಂದೇ ಒಗೆಯುವ ಕಲ್ಲು. ನನ್ನ ಪಾಳಿ ಮಂಗಳವಾರ, ಶುಕ್ರವಾರ. ಶುಕ್ರವಾರ ನೀರು ಬರಲಿಲ್ಲವೋ, ಮಂಗಳವಾರದವರೆಗೆ ಬಟ್ಟೆ ಮೂಲೆಯಲ್ಲೇ. ನೀನು ಹುಟ್ಟಿದ ಮೇಲೆ ಎದುರು ಮನೆ ಅಜ್ಜಿ ತಮ್ಮ ಪಾಳಿಯನ್ನೂ ನನಗೇ ಕೊಟ್ಟರು. ಇಲ್ಲದಿದ್ದರೆ ನಿನ್ನ ಬಟ್ಟೆ ಒಗೆದು ಮುಗಿಯುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಅಡ್ವಾನ್ಸ್ ಕೊಡುವ ಮೊದಲು ಇನ್ನೊಂದು ಸಲ ಹೋಗಿ ಬಾ. ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗು, ಎಲ್ಲರ ಮನೆಯಲ್ಲೂ ನೀರು ಖರ್ಚಾಗುವ ಸಮಯ ಅದು. ಮಿಷಿನ್ ಹಿಂದಿನ ನಲ್ಲಿ ತಿರುಗಿಸಿ ನೋಡು. ನಿನ್ನದು ಕೊನೇ ಮಹಡಿ, ಟ್ಯಾಂಕ್ ನೆತ್ತಿಯ ಮೇಲೇ ಇದೆ. ಹತ್ತಿರ ಇದ್ದರೆ ನೀರು ಜೋರು ಬರುತ್ತದೆ ಅಂದುಕೊಳ್ಳಬೇಡ, ಎತ್ತರ ಕಡಿಮೆಯಾದಷ್ಟೂ ಒತ್ತಡವೂ ಕಡಿಮೆ. ಧಾರೆ ಸಣ್ಣಗಿದ್ದರೆ ಆ ಫ್ರಂಟ್ ಲೋಡ್ ಮಿಷಿನ್ ನೀರಿಗೆ ಕಾದು ಕಾದು, ಏನೋ ಎರರ್ ತೋರಿಸಿ ನಿಂತುಬಿಡುತ್ತದೆ.

ನೀರು ಯಾವುದು ಅಂತಲೂ ಕೇಳು. ಕಾವೇರಿಯೋ, ಬೋರೋ, ಟ್ಯಾಂಕರೋ? ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ನಗರದ ಅಂಚಿನ 110 ಹಳ್ಳಿಗಳಿಗೆ ಅಂತ. ಆದರೆ ರಸ್ತೆಯಲ್ಲಿ ಪೈಪ್ ಬಂದ ಮಾತ್ರಕ್ಕೆ ಆ ಕಟ್ಟಡಕ್ಕೆ ಕನೆಕ್ಷನ್ ಇದೆ ಅಂತಲ್ಲ. ಓನರ್ "ನೀರಿಗೇನೂ ತೊಂದರೆ ಇಲ್ಲ" ಅಂದೇ ಅನ್ನುತ್ತಾರೆ. ನೀನು ಸುಮ್ನೆ ಬಾತ್‌ರೂಮಿನ ಶವರ್ ನೋಡು. ತೂತುಗಳ ಸುತ್ತ ಬಿಳಿ ಕಟ್ಟಿದ್ದರೆ ಅದು ಗಡಸು ನೀರು. ಅದರಲ್ಲಿ ಪೌಡರ್ ಜಾಸ್ತಿ ಬೇಕು, ಟವೆಲ್ ಹಪ್ಪಳದ ಹಾಗಾಗುತ್ತದೆ. ನಿಮ್ಮತ್ತೆ ಮನೆಯ ಮಿಷಿನ್ ಬಿಚ್ಚಿದಾಗ ಹೀಟರ್ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗಿತ್ತು, ನೆನಪಿದೆಯಾ? ಈಗ ಅವರು ಆಗಾಗ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಓಡಿಸುತ್ತಾರೆ.

2024ರ ಬೇಸಿಗೆ ಮರೆತಿಲ್ಲ ತಾನೇ? ಬೋರ್ ಬತ್ತಿ, ಪೀಜಿಯಲ್ಲಿ ನಿಮಗೆ ದಿನಕ್ಕೆರಡು ಬಕೆಟ್ ನೀರು ಕೊಟ್ಟಿದ್ದರು. ಅವತ್ತು ಆ ಕಟ್ಟಡದವರು ಹೇಗೆ ನಿಭಾಯಿಸಿದರು ಅಂತ ಓನರನ್ನಲ್ಲ, ವಾಚ್‌ಮನ್ನನ್ನು ಕೇಳು. ಟ್ಯಾಂಕರ್ ದುಡ್ಡು ಮೆಂಟೆನೆನ್ಸಿನಲ್ಲೇ ಸೇರಿದೆಯೋ, ಬೇರೆ ಕೊಡಬೇಕೋ, ಅದನ್ನೂ.

ವಿಡಿಯೋದಲ್ಲಿ ಅಡುಗೆಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದದ್ದು ಕಾಣಿಸಿತು. ನೀರು ಚೆಲ್ಲುವ ಜಾಗದಲ್ಲಿ ಅದು ಬೇಡವೇ ಬೇಡ. ಅರ್ಥಿಂಗ್ ಇರುವ 16 ಆಂಪ್ ಪಾಯಿಂಟ್ ಹಾಕಿಸಿಕೊಡಲಿ. ಗೃಹಜ್ಯೋತಿ ಹಳೇ ಬಾಡಿಗೆಯವರ ಹೆಸರಲ್ಲಿದ್ದರೆ ಅದನ್ನು ತೆಗೆಸಿ ನಿನ್ನ ಹೆಸರಿಗೆ ಮಾಡಿಸಿಕೋ.

ಮಿಷಿನ್ ಓನರದು, ಅಲ್ವಾ? ಹಾಗಿದ್ದರೆ 11 ತಿಂಗಳ ಅಗ್ರಿಮೆಂಟಿನಲ್ಲಿ ಅದರ ಹೆಸರು ಬರಲಿ. ಕೆಟ್ಟರೆ ರಿಪೇರಿ ಯಾರದು ಅಂತಲೂ ಬರಲಿ. ಒಂದು ಸಲ ಪೂರ್ತಿ ಓಡಿಸಿ, ಫೋಟೋ ತೆಗೆದಿಟ್ಟುಕೋ. ಇಲ್ಲದಿದ್ದರೆ ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಮಿಷಿನ್ ನೆಪದಲ್ಲಿ ಇನ್ನಷ್ಟು ಮುರಿಯುತ್ತಾರೆ. ಡಿಪಾಸಿಟ್ ಆರು ತಿಂಗಳದ್ದು ಕೇಳಿದರು ಅಂದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳು ಅಂತಿದೆ. ಬೆಂಗಳೂರಿನ ಓನರುಗಳು ಅದನ್ನು ಕೇಳಿ ನಗಬಹುದು. ಆದರೂ ಚೌಕಾಸಿ ಶುರು ಮಾಡಲಿಕ್ಕೆ ಒಂದು ಮಾತಾಯಿತು. ಅಪ್ಪನನ್ನು ಮಾತಾಡಲು ಬಿಡಬೇಡ, ಅವರು ಎಲ್ಲದಕ್ಕೂ "ಆಗಲಿ ಬಿಡಿ" ಅಂದುಬಿಡುತ್ತಾರೆ.

ಬಾಲ್ಕನಿ ಕಂಬಿಗೆ ಬಟ್ಟೆ ಹಾಕಲು ಅಸೋಸಿಯೇಷನ್‌ನವರು ಬಿಡುತ್ತಾರಾ ಕೇಳು. ಬಿಡದಿದ್ದರೆ ಜುಲೈನ ಜಿಟಿಜಿಟಿ ಮಳೆಯಲ್ಲಿ ಹಾಲ್ ತುಂಬ ಒದ್ದೆ ಬಟ್ಟೆ.

ಅಜ್ಜಿ ಹೊಲಿದ ಕೌದಿಯನ್ನು ಮಾತ್ರ ಆ ಮಿಷಿನ್‌ಗೆ ಹಾಕಬೇಡ. ನೆನೆದರೆ ಅದನ್ನು ಎತ್ತಲಿಕ್ಕೆ ಇಬ್ಬರು ಬೇಕು. ಹಬ್ಬಕ್ಕೆ ಬರುವಾಗ ತಗೊಂಡು ಬಾ, ಹಿತ್ತಲ ಕಲ್ಲಿನ ಮೇಲೆ ಇಬ್ಬರೂ ಸೇರಿ ಒಗೆಯೋಣ.

ನಿನ್ನ
ಅಮ್ಮ